ಅಣ್ಣನ ಕಂಪನಿ, ಇವರ ಲಿಫ್ಟು

ನಮ್ಮಣ್ಣನನ್ನು ಬೈಯುವ ಹಕ್ಕು ನನಗಿರುವಷ್ಟು ಈ ಭೂಮಿಯ ಮೇಲೆ ಬೇರೆ ಯಾರಿಗೂ ಇಲ್ಲ. ಹುಟ್ಟಿದಾಗಿನಿಂದ ನಾನು ಅವನ ತಂಗಿ. ಅವನ ಕಂಪನಿ ಹುಟ್ಟಿದಾಗಿನಿಂದ ಅಲ್ಲಿ ದೂರು ಕೇಳುವವಳು. ಮನೆಮಂದಿ ಮೇಜಿನ ಸುತ್ತ ಕೂತು ಆಡುತ್ತಾರಲ್ಲ, ಅಂಥ ಆಟಗಳ ಪ್ರಕಾಶಕ ಅವನು. ಬೋರ್ಡು, ಕಾರ್ಡು, ದಾಳ, ಬಣ್ಣದ ಕಾಯಿಗಳನ್ನೆಲ್ಲ ಪೆಟ್ಟಿಗೆಯಲ್ಲಿ ತುಂಬಿ ಅಂಗಡಿಗಳಿಗೆ ಕಳಿಸುತ್ತಾನೆ. ಪೆಟ್ಟಿಗೆ ಬಿಚ್ಚಿದವರಿಗೆ ಒಂದು ಕಾಯಿ ಕಡಿಮೆ ಬಿದ್ದರೆ, ಕಾರ್ಡಿನ ಮೂಲೆ ಮಡಿಚಿಕೊಂಡಿದ್ದರೆ, ನಿಯಮ ತಲೆಗೆ ಹತ್ತದಿದ್ದರೆ ಫೋನು ಬರುವುದು ನನ್ನ ಮೇಜಿಗೆ. ಬೈಸಿಕೊಳ್ಳುವವಳು ನಾನು, ಹಾರ ಹಾಕಿಸಿಕೊಳ್ಳಲು ಹೋಗುವವನು ಅವನು. ಹೀಗಾಗಿ ದಿನಕ್ಕೊಂದು ಸಲವಾದರೂ ಅವನ ಜನ್ಮ ಜಾಲಾಡದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ.

ಅಂಥವಳನ್ನು ನಮ್ಮ ಮನೆಯವರು ಒಂದು ಶನಿವಾರ ಮಧ್ಯಾಹ್ನ ಚಹಾ ಕುಡಿಯುತ್ತ ಕೇಳಿದರು.

"ನಿಮ್ಮಣ್ಣ ಹೇಗೆ?"

"ಹೇಗೆ ಅಂದ್ರೆ? ಮದುವೆ ಆದಾಗಿಂದ ನೋಡ್ತಿಲ್ವಾ ನೀವು?"

"ಭಾವ ಅಂತ ನೋಡಿದ್ದೀನಿ. ಪ್ರಕಾಶಕರಾಗಿ ಹೇಗೆ ಅಂತ ಕೇಳ್ತಿದ್ದೀನಿ. ಬೈಬೇಡ. ಯೋಚನೆ ಮಾಡಿ ಹೇಳು."

ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಬೈಬೇಡ ಅಂದಮೇಲೆ ಅಣ್ಣನ ಬಗ್ಗೆ ಹೇಳಲು ನನ್ನ ಹತ್ತಿರ ಒಂದು ವಾಕ್ಯವೂ ಇರಲಿಲ್ಲ.

ಇವರದು ಲಿಫ್ಟು ರಿಪೇರಿ ಕೆಲಸ. ಎತ್ತರದ ಕಟ್ಟಡಗಳಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡರೆ ಮೊದಲು ಕರೆಯುವುದು ಇವರನ್ನು. ನನಗೂ ಇವರಿಗೂ ಫೋನಿನಲ್ಲಿ ಕೇಳಿಸುವುದು ಕಿರುಚಾಟವೇ. ನಾನು ತಿರುಗಿ ಕಿರುಚುತ್ತೇನೆ. ಇವರು ಮಾತ್ರ, "ಬಾಗಿಲಿಗೆ ಕೈ ಹಾಕ್ಬೇಡಿ, ನಾನು ಹೊರಟೆ," ಅಂದು ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಹೊರಡುತ್ತಾರೆ. ಇವರ ದನಿ ಏರಿದ್ದನ್ನು ನಾನು ಕೇಳಿಲ್ಲ. ಜಗಳವಾಡಲು ಹೋದರೂ ನಾನೊಬ್ಬಳೇ ಆಡಿ ಮುಗಿಸಬೇಕು, ಅಂಥ ಗಂಡ.

ಇಂಥವರು ವರ್ಷಗಟ್ಟಲೆ ಅಡುಗೆಮನೆಯ ಮೇಜಿನ ಮೇಲೆ ರಟ್ಟು ಕತ್ತರಿಸಿ, ಅಂಟಿಸಿ, ಅಳಿಸಿ ಒಂದು ಆಟ ಮಾಡಿದ್ದರು. ಹೆಸರು 'ಲಿಫ್ಟು'. ಒಂದು ಎತ್ತರದ ಕಟ್ಟಡ, ಅದಕ್ಕೆ ಒಂದೇ ಲಿಫ್ಟು. ಆಡುವವರು ಒಬ್ಬೊಬ್ಬರೂ ಒಂದೊಂದು ಮನೆಯವರು. ಒಬ್ಬರಿಗೆ ಹೊಸ ಬೀರು ಮೇಲಕ್ಕೆ ಸಾಗಿಸಬೇಕು, ಒಬ್ಬರಿಗೆ ಆಫೀಸಿಗೆ ತಡವಾಗಿದೆ, ಇನ್ನೊಬ್ಬರ ಅಜ್ಜಿಗೆ ಮೆಟ್ಟಿಲು ಹತ್ತಲಾಗದು. ಲಿಫ್ಟನ್ನು ಯಾರು ಯಾವ ಮಹಡಿಗೆ ಕರೆಸಿಕೊಳ್ಳುತ್ತಾರೆ ಎಂಬುದರಲ್ಲೇ ಆಟ. ಒಬ್ಬರು ಬಾಗಿಲು ಹಿಡಿದು ಹರಟೆ ಹೊಡೆಯುವ ಕಾರ್ಡಿದೆ. ಬೀರು ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಳ್ಳುವ ಕಾರ್ಡಿದೆ. ಆಡಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಕೊನೆಗೆ ಕರೆಂಟು ಹೋಗುತ್ತದೆ. ಆಟ ಅಲ್ಲಿಗೆ ಮುಗಿಯಬೇಕು, ಗೆದ್ದವರು ಯಾರೆಂದು ಆಗಲೇ ಎಲ್ಲರಿಗೂ ತಿಳಿದಿರುತ್ತದೆ. ಆದರೆ ಇವರ ಆಟ ಮುಗಿಯುವುದಿಲ್ಲ. ಇನ್ನೊಂದು ಸುತ್ತು ಉಂಟು. ಅದರಲ್ಲಿ ಎಲ್ಲರೂ ಸೇರಿ ಲಿಫ್ಟಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ ಅದನ್ನು ಒಂದೊಂದೇ ಮಹಡಿ ಇಳಿಸಬೇಕು, ಒಳಗಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಹೊರಗೆ ಕರೆದುಕೊಳ್ಳಬೇಕು. ಅದಕ್ಕೆ ಅಂಕವೂ ಇಲ್ಲ, ಗೆಲುವೂ ಇಲ್ಲ. ಕೊನೆಯವರು ಹೊರಬಂದ ಮೇಲಷ್ಟೇ ಗೆದ್ದವರ ಹೆಸರು ಹೇಳಬಹುದು. ಮೊದಲನೇ ದಿನದಿಂದ ನಾನು ಹೇಳುತ್ತಲೇ ಬಂದಿದ್ದೇನೆ, "ಈ ಕೊನೆ ಸುತ್ತು ಎಳೆಯುತ್ತೆ ರೀ, ತೆಗೀರಿ" ಎಂದು. ಇವರು ಹೂಂ ಅನ್ನುತ್ತಾರೆ. ತೆಗೆಯುವುದಿಲ್ಲ.

ಈಗ ಆ ಆಟವನ್ನು ಇಬ್ಬರು ಕೇಳಿದ್ದರು. ಒಬ್ಬ ನಮ್ಮಣ್ಣ. ಇನ್ನೊಬ್ಬ ಅಣ್ಣನ ಎದುರಾಳಿ ಪ್ರಕಾಶಕ. ಅವನನ್ನು ನಮ್ಮ ಆಫೀಸಿನಲ್ಲಿ ಎಲ್ಲರೂ ಆಮೆ ಅನ್ನುವುದು, ಹೆಸರಿಟ್ಟವನು ಅಣ್ಣನೇ. ಒಂದು ಕಾಲಕ್ಕೆ ಇಬ್ಬರೂ ಜೊತೆಯಾಗಿ ಕಂಪನಿ ನಡೆಸುತ್ತಿದ್ದವರು, ಆಮೇಲೆ ಮುಖ ಮುರಿದುಕೊಂಡವರು. ಯಾಕೆಂದು ಕೇಳಿದರೆ ಅಣ್ಣ ಒಂದೊಂದು ಸಲ ಒಂದೊಂದು ಕತೆ ಹೇಳುತ್ತಾನೆ.

"ನನ್ನ ಹತ್ರ ಇರೋದು ಇದೊಂದೇ ಆಟ," ಅಂದರು ಇವರು. "ಇನ್ನೊಂದು ಮಾಡೋ ಶಕ್ತಿನೂ ಇಲ್ಲ, ಆಸೇನೂ ಇಲ್ಲ. ಸಹಿ ಹಾಕಿದ್ರೆ ಮುಗೀತು, ಆಮೇಲೆ ಅದು ಅವರದ್ದು. ನಿಮ್ಮಣ್ಣ ಅಂತ ಕೊಡೋದೂ ಬೇಡ, ನಿಮ್ಮಣ್ಣ ಅಂತ ಬಿಡೋದೂ ಬೇಡ. ಮುಂದಿನ ಭಾನುವಾರ ಭಾವ ಊಟಕ್ಕೆ ಬರ್ತಾರಲ್ಲ, ಅಷ್ಟರಲ್ಲಿ ನೋಡಿ ಹೇಳು. ನೀನು ಹೇಳಿದ್ದನ್ನ ನಾನು ನಂಬ್ತೀನಿ."

ಎಂಥ ಜಾಣರು ನೋಡಿ. ಹೊರೆ ಎತ್ತಿ ನನ್ನ ತಲೆಯ ಮೇಲಿಟ್ಟು ತಾವು ಪೇಪರ್ ಓದಲು ಕೂತರು. ಅಣ್ಣನಿಗೆ ಕೊಡಿ ಅಂದು ನಾಳೆ ಆಟ ಹಾಳಾದರೆ ಗಂಡನ ಮುಖ ನೋಡುವುದು ಹೇಗೆ? ಬೇಡ ಅಂದರೆ ಅಣ್ಣನ ಮುಖ ನೋಡುವುದು ಹೇಗೆ? ಒಬ್ಬ ಹುಟ್ಟಿದ ಮನೆ, ಒಬ್ಬರು ಸೇರಿದ ಮನೆ. ನಾನು ಮಧ್ಯದಲ್ಲಿ, ಇವರ ಲಿಫ್ಟಿನ ಬಾಗಿಲಲ್ಲಿ ಸಿಕ್ಕಿಕೊಂಡ ಬೀರುವಿನ ಹಾಗೆ.

ಅಣ್ಣನ ಕಂಪನಿ ಇರುವುದು ಒಂದು ಶೂ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗಿನಿಂದ ಚರ್ಮದ ವಾಸನೆ, ಮೇಲೆ ಹೊಸ ರಟ್ಟಿನ ವಾಸನೆ, ಮೆಟ್ಟಿಲಿನ ಮಧ್ಯದಲ್ಲಿ ಎರಡೂ ಸೇರುತ್ತವೆ. ಸೋಮವಾರ ನಾನು ಹೋಗಿ ಕೂರುವುದರೊಳಗೆ ಫೋನು. ಒಬ್ಬಾಕೆ ಹಳದಿ ಕಾಯಿ ಇಲ್ಲವೆಂದು ನನ್ನ ಕಿವಿ ತೂತಾಗುವಂತೆ ಕೂಗಿದಳು. ಎಂದಿನ ಹಾಗೆ ಮನಸ್ಸಿನಲ್ಲೇ ಅಣ್ಣನಿಗೆ ಎರಡು ಬಿಟ್ಟೆ. ಕಾಯಿಯನ್ನು ಲಕೋಟೆಗೆ ಹಾಕಿ ವಿಳಾಸ ಬರೆಯುತ್ತಿರುವಾಗ ಒಂದು ಯೋಚನೆ ಬಂತು. ನಿಮ್ಮ ಪೆಟ್ಟಿಗೆಯಲ್ಲಿ ಎಲ್ಲ ಸರಿಯಾಗಿದೆ ಎಂದು ಹೇಳಲು ನನಗೆ ಇವತ್ತಿನವರೆಗೆ ಒಬ್ಬರೂ ಫೋನು ಮಾಡಿಲ್ಲ. ಯಾಕೆ ಮಾಡುತ್ತಾರೆ? ಸರಿಯಾಗಿದ್ದರೆ ಆಡುತ್ತಾರೆ, ನಗುತ್ತಾರೆ, ಎತ್ತಿಡುತ್ತಾರೆ, ಮಲಗುತ್ತಾರೆ. ಅಣ್ಣನ ಕಂಪನಿಯನ್ನು ನಾನು ನೋಡಿರುವುದು ಬರೀ ಕಳೆದುಹೋದ ಕಾಯಿಗಳ ಕಡೆಯಿಂದ. ನನ್ನ ಕುರ್ಚಿಯಲ್ಲೇ ಕೂತು ತೀರ್ಪು ಹೇಳಿದರೆ ಅದು ತೀರ್ಪಲ್ಲ, ಹೊಟ್ಟೆಯುರಿ.

ಹಾಗಾದರೆ ಯಾರ ಕುರ್ಚಿಯಲ್ಲಿ ಕೂರುವುದು? ಅದಕ್ಕೊಂದು ದಾರಿ ನಮ್ಮ ಆಫೀಸಿನಲ್ಲೇ ಇತ್ತು. ಹೊಸ ಆಟಗಳನ್ನು ನಾವು ಉದ್ದದ ಮೇಜಿನಲ್ಲಿ ಕೂತು ಆಡಿ ನೋಡುತ್ತೇವೆ. ಮಧ್ಯೆ ಯಾರಾದರೂ ಫೋನಿಗೋ ಪಾರ್ಸಲ್ಲಿಗೋ ಎದ್ದರೆ ಆಟ ನಿಲ್ಲುವುದಿಲ್ಲ. ಪಕ್ಕದವರು ಆ ಜಾಗಕ್ಕೆ ಸರಿದು, ಎದ್ದವರ ಕೈಯಲ್ಲಿದ್ದ ಕಾರ್ಡು ನೋಡಿ, ಅವರ ಪರವಾಗಿ ಆಡಬೇಕು. ಅದೂ ಅವರು ಗೆಲ್ಲುವ ಹಾಗೆ, ತಾನು ಸೋತರೂ ಸರಿ. ಬೇಕೆಂದೇ ಕೆಟ್ಟದಾಗಿ ಆಡಿದವರನ್ನು ಅಣ್ಣ ಮತ್ತೆ ಆ ಮೇಜಿಗೆ ಕರೆಯುವುದಿಲ್ಲ. ನಿಯಮ ಮಾಡಿದವನೂ ಅವನೇ.

ಸರಿ, ಅಣ್ಣನ ಜಾಗಕ್ಕೆ ಸರಿದು ನೋಡೋಣ ಅಂದುಕೊಂಡೆ. ಆಗ ಅವನ ಕೈಯಲ್ಲಿ ಏನಿತ್ತು, ನಾನಾಗಿದ್ದರೆ ಏನು ಆಡುತ್ತಿದ್ದೆ? ಮುಂದೆ ಏನಾಯಿತೆಂದು ಈಗ ಗೊತ್ತಿರುವುದನ್ನು ಲೆಕ್ಕಕ್ಕೆ ಹಿಡಿಯಬಾರದು.

ಮೊದಲು ನೆನಪಾದದ್ದು ಆ ದೊಡ್ಡ ಎಡವಟ್ಟು. ನಮ್ಮ ಎರಡನೆಯ ಆಟದ ನಿಯಮದ ಪುಸ್ತಿಕೆಯಲ್ಲಿ ಒಂದು ನಿಯಮವೇ ಇರಲಿಲ್ಲ. ಕೈಯಲ್ಲಿ ಐದಕ್ಕಿಂತ ಹೆಚ್ಚು ಕಾರ್ಡು ಇಟ್ಟುಕೊಳ್ಳಬಾರದು ಎಂಬ ನಿಯಮ. ಅದನ್ನು ಯಾಕೆ ಬರೆಯಲಿಲ್ಲ ಅಂದರೆ, ನಮಗೆಲ್ಲ ಅದು ಗೊತ್ತಿತ್ತು. ತಿಂಗಳುಗಟ್ಟಲೆ ನಾವು ನಾವೇ ಆಡಿ ಆಡಿ, ಆರನೆಯ ಕಾರ್ಡು ಎತ್ತಿಕೊಳ್ಳುವ ಯೋಚನೆ ಒಬ್ಬರಿಗೂ ಬಾರದಷ್ಟು ಗೊತ್ತಿತ್ತು. ಪುಸ್ತಿಕೆ ಓದಿ ನೋಡಿದವರೂ ನಾವೇ, ಯಾರ ಕಣ್ಣಿಗೂ ಬೀಳಲಿಲ್ಲ. ಮಾರಾಟವಾದ ಮೇಲೆ ಜನರ ಮನೆಯಲ್ಲಿ ಆಟ ಮುಗಿಯಲೇ ಇಲ್ಲ. ಒಂದು ಮನೆಯಲ್ಲಿ ಅಜ್ಜಿಯೊಬ್ಬಳು ಇಡೀ ಕಟ್ಟನ್ನು ಮಡಿಲಿಗೆ ಹಾಕಿಕೊಂಡು, ಕೊಡುವುದಿಲ್ಲ, ನಿಯಮ ತೋರಿಸಿ ಎಂದು ಕೂತುಬಿಟ್ಟಳಂತೆ. ಮೊಮ್ಮಗ ಅಳುತ್ತ ನನಗೆ ಫೋನು ಮಾಡಿದ.

ಆಗ ಅಣ್ಣ ಏನು ಮಾಡಬಹುದಿತ್ತು? ಸುಮ್ಮನಿರಬಹುದಿತ್ತು. ಬಹಳ ಕಂಪನಿಗಳು ಸುಮ್ಮನಿರುತ್ತವೆ, ಮುಂದಿನ ಮುದ್ರಣದಲ್ಲಿ ಸದ್ದಿಲ್ಲದೆ ತಿದ್ದುತ್ತವೆ. ಅವನು ಕೂಡಲೇ ತಿದ್ದುಪಡಿಯ ಕಾರ್ಡು ಅಚ್ಚು ಹಾಕಿಸಿ ಪ್ರತಿ ಅಂಗಡಿಗೂ ಕಳಿಸಿದ. ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಫೋನುಗಳನ್ನು ತಾನೇ ಎತ್ತಿ, "ತಪ್ಪು ನಮ್ಮದು" ಎಂದು ಒಬ್ಬೊಬ್ಬರಿಗೂ ಹೇಳಿದ. ದನಿ ಬಿದ್ದುಹೋಗಿ ಸನ್ನೆಯಲ್ಲಿ ಮಾತಾಡುವ ಹಾಗಾಗಿತ್ತು. ನಾನಾಗಿದ್ದರೆ ಅಜ್ಜಿಯ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ.

ಮರದ ಕಾಯಿಗಳ ವಿಷಯಕ್ಕೂ ನಾನು ಅವನನ್ನು ಜಿಪುಣ ಎಂದು ಸಾರಿಕೊಂಡು ತಿರುಗಿದವಳೇ. ನಮ್ಮ ಹೆಸರುವಾಸಿ ಆಟದಲ್ಲಿ ಚೆಂದದ ಮರದ ಕಾಯಿಗಳಿದ್ದವು, ಒಂದು ವರ್ಷ ರಟ್ಟಿನವು ಬಂದವು. ಜನ ಛೀಮಾರಿ ಹಾಕಿದರು. ಈಗ ಅವನ ಜಾಗದಲ್ಲಿ ಕೂತು ನೆನೆಸಿಕೊಂಡರೆ, ಕಾಯಿ ಕಡೆದುಕೊಡುತ್ತಿದ್ದ ಬಡಗಿ ಆ ವರ್ಷ ಅಂಗಡಿ ಮುಚ್ಚಿದ್ದ. ಬೇರೆ ಕಡೆಯಿಂದ ತರಿಸಿದ ಕಾಯಿಗಳ ಬಣ್ಣ ಒದ್ದೆ ಬೆರಳಿಗೆ ಹತ್ತುತ್ತಿತ್ತು. ಮಕ್ಕಳು ಬಾಯಿಗೆ ಹಾಕಿಕೊಳ್ಳುವ ವಸ್ತು. ಅಣ್ಣ ಆ ಮೂಟೆಯನ್ನು ಹಾಗೇ ವಾಪಸ್ಸು ಕಳಿಸಿದ್ದ. ನಿರ್ಧಾರ ಸರಿಯಾಗಿಯೇ ಇತ್ತು. ಆದರೆ ಜನರಿಗೆ ಒಂದು ಮಾತು ಹೇಳಬಹುದಿತ್ತಲ್ಲ? ಹೇಳಲಿಲ್ಲ. ತನಗೆ ಸರಿ ಅನಿಸಿದ್ದನ್ನು ಮಾಡಿ ಮುಗಿಸುವುದು, ಸಂಬಂಧಪಟ್ಟವರಿಗೆ ಪೆಟ್ಟಿಗೆ ಬಿಚ್ಚಿದಾಗ ಗೊತ್ತಾಗುವುದು. ಅವನ ಗುಣವೇ ಅದು.

ಆ ಗುಣ ನೆನಪಾದ ಮೇಲೆ ನನಗೆ ಸಮಾಧಾನ ತಪ್ಪಿತು. ಇವರು ಕೇಳಿದ್ದು ಕೊಳ್ಳುವವರ ಕಡೆಯಿಂದಲ್ಲ, ಆಟ ಮಾಡಿಕೊಡುವವರ ಕಡೆಯಿಂದ. ಹೀಗಾಗಿ ಬುಧವಾರ ಆಫೀಸು ಬಿಟ್ಟು ನಾನು ಭೂಗೋಳದ ಮೇಷ್ಟ್ರ ಮನೆಗೆ ಹೋದೆ.

ನಿವೃತ್ತಿಯಾದ ಈ ಮೇಷ್ಟ್ರು ನದಿಗಳ ಮೇಲೆ ಒಂದು ಆಟ ಮಾಡಿ ಅಣ್ಣನಿಗೆ ಕೊಟ್ಟಿದ್ದರು. ನಮ್ಮಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಅದೇ. ಆದರೂ ಅವರು ಆಮೇಲೆ ಆಫೀಸಿನ ಮೆಟ್ಟಿಲು ತುಳಿದಿರಲಿಲ್ಲ. ಬಾಗಿಲು ತೆಗೆದವರು ನನ್ನನ್ನು ಗುರುತು ಹಿಡಿದು ನಕ್ಕರು. ಗೋಡೆಯ ತುಂಬ ಭೂಪಟಗಳು, ಕೂರಲು ಇದ್ದ ಒಂದೇ ಖಾಲಿ ಕುರ್ಚಿಯ ಮೇಲೆ ಬೆಕ್ಕು. ಅದನ್ನು ಎಬ್ಬಿಸಿ ನನಗೆ ಜಾಗ ಕೊಟ್ಟರು. ಬೆಕ್ಕು ನನ್ನನ್ನು ಕ್ಷಮಿಸಲಿಲ್ಲ.

"ನಿಮ್ಮಣ್ಣ ಮೋಸಗಾರ ಅಲ್ಲಮ್ಮ," ಅಂದರು ಮೇಷ್ಟ್ರು, ನಾನು ಬಂದ ಕಾರಣ ಹೇಳಿದ ಮೇಲೆ. "ಕೊಡಬೇಕಾದ್ದನ್ನ ಕೇಳೋಕೆ ಮುಂಚೆ ಕಳಿಸ್ತಾರೆ. ಪೆಟ್ಟಿಗೆ ಮೇಲೆ ನನ್ನ ಹೆಸರು ಇಷ್ಟು ದೊಡ್ಡದಾಗಿ ಹಾಕಿದ್ದಾರೆ. ದೂರಬೇಕು ಅಂದ್ರೂ ಅದರಲ್ಲಿ ಏನೂ ಸಿಗಲ್ಲ."

"ಮತ್ತೆ ಯಾಕೆ ಬರೋದೇ ಬಿಟ್ರಿ?"

ಅವರು ಕನ್ನಡಕ ತೆಗೆದು ಒರೆಸಿದರು. "ನನ್ನ ಆಟದಲ್ಲಿ ಅರ್ಧ ಭಾಗ ಪ್ರವಾಹ. ನದಿ ಉಕ್ಕುತ್ತೆ, ಊರು ಮುಳುಗುತ್ತೆ, ಜನ ಎತ್ತರಕ್ಕೆ ಹೋಗಿ ಮತ್ತೆ ಶುರು ಮಾಡ್ತಾರೆ. ನಾನು ಕಣ್ಣಾರೆ ನೋಡಿದ್ದು ಅದು. ಪುಸ್ತಕವಾಗಿ ಬರೆಯೋಕೆ ಬರಲಿಲ್ಲ, ಆಟ ಮಾಡಿದೆ. ಪೆಟ್ಟಿಗೆ ಮನೆಗೆ ಬಂತು, ಬಿಚ್ಚಿದೆ. ಪ್ರವಾಹ ಇಲ್ಲ. ದೋಣಿ ಇದೆ, ಮೀನಿದೆ, ವ್ಯಾಪಾರ ಇದೆ. ನದಿ ಯಾವಾಗ್ಲೂ ನಗ್ತಾ ಹರೀತಿದೆ."

"ಅಣ್ಣ ನಿಮ್ಮನ್ನ ಕೇಳಲಿಲ್ವಾ?"

"ಇಲ್ಲ. ಆಮೇಲೆ ಫೋನ್ ಮಾಡಿ ಕೇಳಿದ್ದಕ್ಕೆ, ಜನ ಆಟ ಆಡೋದು ಖುಷಿಗೆ ಮೇಷ್ಟ್ರೇ ಅಂದ್ರು. ಅವರು ಹೇಳಿದ್ದೂ ಸುಳ್ಳಲ್ಲ. ಪಕ್ಕದ ಮನೆ ಮಕ್ಕಳು ದಿನಾ ಆಡ್ತಾರೆ. ನನ್ನದಕ್ಕಿಂತ ಚೆನ್ನಾಗೇ ಇದೆ. ನನ್ನದಲ್ಲ, ಅಷ್ಟೇ."

ಬೆಕ್ಕು ಅವರ ಮಡಿಲಿಗೆ ಹತ್ತಿ ಕೂತಿತು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಮನೆಗೆ ಬರುವ ದಾರಿಯಲ್ಲಿ ಉಳಿದವರನ್ನೂ ನೆನೆಸಿಕೊಂಡೆ. ಹೊಲಿಗೆ ಅಂಗಡಿಯ ಆಟ ತಂದುಕೊಟ್ಟ ಅಕ್ಕತಂಗಿಯರಿಗೆ ಕಡಲ್ಗಳ್ಳರ ಆಟ ವಾಪಸ್ಸು ಸಿಕ್ಕಿತ್ತು. ಸೂಜಿ ಇದ್ದಲ್ಲಿ ಕತ್ತಿ, ಕತ್ತರಿ ಇದ್ದಲ್ಲಿ ಹಡಗು. ಅವರು ಪಾಪ ನಗುತ್ತಲೇ ಒಪ್ಪಿಕೊಂಡರು. ಆದರೆ ಎರಡನೆಯ ಆಟ ಮಾಡಲಿಲ್ಲ. ಅಣ್ಣನಿಗೆ ಆಟ ಕೊಟ್ಟವರಲ್ಲಿ ಎರಡನೆಯ ಸಲ ಕೊಟ್ಟವರು ಒಬ್ಬರಾದರೂ ಇದ್ದಾರೆಯೇ ಎಂದು ಹುಡುಕಿದೆ. ಇರಲಿಲ್ಲ.

ಭಾನುವಾರ ಅಣ್ಣ ಬಂದ. ಬಂದಕೂಡಲೇ ಅವನ ಮೊದಲ ಕೆಲಸ ಬಾಗಿಲಲ್ಲಿ ನಿಂತು ನಗುವುದು. ಅವನು ಬಂದರೆ ಮನೆ ಚಿಕ್ಕದಾಗುತ್ತದೆ. ಇವರೂ ಅವನೂ ಒಬ್ಬರನ್ನೊಬ್ಬರು 'ಭಾವ' ಅಂತಲೇ ಕರೆಯುವುದು. ಒಬ್ಬರು ಕರೆದರೆ ಯಾರು ಯಾರನ್ನು ಕರೆದರೆಂದು ತಿಳಿಯಲು ದನಿ ಗುರುತು ಹಿಡಿಯಬೇಕು. ಜೋರಾಗಿದ್ದರೆ ಅಣ್ಣ, ಕೇಳಿಸದಿದ್ದರೆ ಇವರು.

ಊಟವಾದ ಮೇಲೆ ಮೇಜು ಒರೆಸಿ 'ಲಿಫ್ಟು' ಹರಡಿದೆವು. ಅಣ್ಣ ಇಡೀ ಆಟ ಕೂತು ಆಡಿದ್ದು ಅವತ್ತೇ ಮೊದಲು. ಶುರುವಾದ ಸ್ವಲ್ಪ ಹೊತ್ತಿಗೇ ಹುರುಪಿನಿಂದ ಅಂಗಿಯ ತೋಳು ಮಡಿಸಿಕೊಂಡ. ಅವನ ಬೀರು ಲಿಫ್ಟಿನ ಬಾಗಿಲಲ್ಲಿ ಸಿಕ್ಕಿಕೊಂಡು, ಒಳಗೆ ನನ್ನ ಅಜ್ಜಿ, ಹೊರಗೆ ಆಫೀಸಿಗೆ ತಡವಾದ ಇವರು, ಯಾರೂ ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ನಿಂತಾಗ ಅವನು ಮೇಜು ಬಡಿದು ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಫೀಸಿನ ಮೇಜಿನಲ್ಲಿ ಅವನು ಹಾಗೆ ನಕ್ಕದ್ದನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ.

ಕರೆಂಟು ಹೋಗುವ ಕಾರ್ಡು ಬಂತು. ಅಂಕದಲ್ಲಿ ಅಣ್ಣನೇ ಮುಂದಿದ್ದ. ಇವರು, "ಈಗ ಎಲ್ಲರನ್ನೂ ಇಳಿಸೋಣ," ಅಂದರು. ಒಂದು ಮಹಡಿ ಇಳಿಸಿದೆವು, ಇನ್ನೊಂದು ಇಳಿಸಿದೆವು. ಅಣ್ಣ ಗಡಿಯಾರ ನೋಡಿದ. ಮೂರನೆಯ ಮಹಡಿಗೆ ಬರುವಷ್ಟರಲ್ಲಿ ಕುರ್ಚಿಗೆ ಒರಗಿ ಕೂತ.

"ಭಾವ, ಕರೆಂಟು ಹೋದಲ್ಲಿಗೇ ಮುಗಿಸಿಬಿಡಿ," ಅಂದ. "ಅಲ್ಲೀವರೆಗೆ ಅಪರಂಜಿ. ಈ ಬಾಲ ಕತ್ತರಿಸಿದ್ರೆ ಪ್ರತಿ ಮನೇಲೂ ಇರುತ್ತೆ ಈ ಪೆಟ್ಟಿಗೆ. ನಾನು ಮಾತು ಕೊಡ್ತೀನಿ."

ಇವರು ನನ್ನ ಕಡೆ ತಿರುಗಿದರು. "ನೋಡಿ ಹೇಳು ಅಂದಿದ್ದೆನಲ್ಲ. ಈಗ ಹೇಳು. ಭಾವನ ಎದುರಿಗೇ ಹೇಳು."

"ಏನು ಹೇಳ್ಬೇಕಂತೆ ಪುಟ್ಟಿ?" ಅಂದ ಅಣ್ಣ. "ನನ್ನ ಮೇಲೆ ಕೇಸು ನಡೀತಿದೆಯೋ?"

ಮಾತು ಶುರು ಮಾಡಲು ಹೆದರಿಕೆಯಾಯಿತು. ನನಗೆ, ಬಾಯಿಬಡುಕಿಗೆ. "ನಡೀತಿದೆ," ಅಂದೆ. "ಅಣ್ಣ, ಕೊಂಡವರಿಗೆ ನೀನು ಯಾವತ್ತೂ ಮೋಸ ಮಾಡಿಲ್ಲ. ತಪ್ಪಾದಾಗ ತಪ್ಪು ಅಂತ ಒಪ್ಪಿಕೊಂಡಿದ್ದೀಯ. ಮರದ ಕಾಯಿ ವಿಷಯದಲ್ಲೂ ನೀನು ಮಾಡಿದ್ದೇ ಸರಿ, ನಾನು ಬೈದದ್ದು ತಿಳೀದೆ."

"ಪೇಪರಿನಲ್ಲಿ ಹಾಕಿಸ್ತೀನಿ ಇದನ್ನ," ಅಂದು ಅವನು ನಕ್ಕ.

"ಇನ್ನೂ ಮುಗಿದಿಲ್ಲ. ಆಟ ಮಾಡಿಕೊಟ್ಟವರಿಗೆ ದುಡ್ಡಿನಲ್ಲೂ ಹೆಸರಿನಲ್ಲೂ ನೀನು ಮೋಸ ಮಾಡಿಲ್ಲ. ಆದ್ರೆ ಅವರು ಕೊಟ್ಟ ಆಟ ಕೊಟ್ಟ ಹಾಗೇ ಅವರಿಗೆ ವಾಪಸ್ ಸಿಕ್ಕಿದ್ದನ್ನ ನಾನು ಒಂದ್ಸಲನೂ ನೋಡಿಲ್ಲ. ಯಾವುದೋ ಒಂದಕ್ಕೆ ಆಗಿದ್ರೆ ಅನಿವಾರ್ಯ ಅನ್ನಬಹುದಿತ್ತು. ಎಲ್ಲರಿಗೂ ಆಗಿದೆ. ಕೇಳಿ ಮಾಡಿದ್ರೆ ಒಪ್ತಿದ್ರೋ ಏನೋ. ನೀನು ಕೇಳಲ್ಲ. ಮೇಷ್ಟ್ರ ಮನೆಗೆ ಹೋಗಿ ಬಂದೆ."

ಅವನ ನಗು ನಿಂತಿತು. "ಚೆನ್ನಾಗಾಗಿದೆ ತಾನೆ? ಕೆಡಿಸಿದ್ದೀನಾ?"

"ಕೆಡಿಸಿಲ್ಲ. ಪ್ರತಿ ಸಲ ಚೆನ್ನಾಗೇ ಮಾಡಿದ್ದೀಯ. ಈ ಕೊನೆ ಸುತ್ತು ಎಳೆಯುತ್ತೆ ಅಂತ ನಾನೂ ಹೇಳ್ತಾ ಬಂದಿದ್ದೀನಿ. ತೆಗೆದ್ರೆ ಆಟ ಇನ್ನೂ ಚೆನ್ನಾಗಾಗುತ್ತೆ. ಮಾಡಿದವರು ಮಾತ್ರ ಅದನ್ನ ತಮ್ಮದು ಅನ್ನಲ್ಲ. ನನಗೆ ಕಂಡದ್ದು ಇಷ್ಟು."

"ನೀನು ಯಾರ ಕಡೆಯೇ?" ಅಂದ ಅಣ್ಣ. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯದೆ ಕೇಳಿದ.

ಇವರು ಬೋರ್ಡಿನ ಮೇಲೆ ಅರ್ಧ ಇಳಿದು ನಿಂತ ಲಿಫ್ಟನ್ನು ನೋಡುತ್ತಿದ್ದರು. "ಭಾವ, ಕೊನೆ ಸುತ್ತು ಮುಟ್ಟಲ್ಲ ಅಂತ ಬರೆದು ಕೊಡ್ತೀರಾ?"

ಅಣ್ಣ ಬಾಯಿ ತೆರೆದ. ಕೊಡುತ್ತೇನೆ ಎಂಬ ಮಾತು ಅವನ ತುಟಿಯ ತನಕ ಬಂದದ್ದನ್ನು ನಾನು ಕಂಡೆ. ಇನ್ನು ಯಾವ ವ್ಯಾಪಾರಿಯಾದರೂ ಅಂದುಬಿಡುತ್ತಿದ್ದ. ಅವನು ಬೋರ್ಡು ನೋಡಿದ, ಇವರ ಮುಖ ನೋಡಿದ.

"ಬರೆದುಕೊಡಬಹುದು ಭಾವ. ಆದ್ರೆ ಪ್ರೆಸ್ಸಿಗೆ ಹೋಗೋ ಹಿಂದಿನ ದಿನ ನನ್ನ ಕೈ ಸುಮ್ನಿರಲ್ಲ. ಒಂದು ಮಹಡಿ ಕಡಿಮೆ ಮಾಡೋಣ, ಎರಡು ಕಾರ್ಡು ಬಿಡೋಣ ಅಂತ ಶುರು ಮಾಡ್ತೀನಿ. ಬೇಜಾರಾಗೋದನ್ನ ಕಂಡ್ರೆ ನನಗೆ ತಡೆಯೋಕಾಗಲ್ಲ. ನಿಮ್ಮ ಹತ್ರ ಸುಳ್ಳು ಹೇಳಿ ಏನು ಮಾಡ್ಲಿ? ಅಷ್ಟಕ್ಕೂ ಇದು ಯಾಕೆ ಬೇಕು ನಿಮಗೆ? ಗೆದ್ದವರು ಯಾರು ಅಂತ ಗೊತ್ತಾಯ್ತಲ್ಲ."

ಇವರಿಗೆ ಮಾತು ಕಷ್ಟ.

"ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಕತ್ತಲಲ್ಲಿ ಬಾಗಿಲ ಸಂದಿಯಿಂದ ನನ್ನ ಕೇಳೋದು ಒಂದೇ ಮಾತು. ನೀವು ಹೋಗಿಬಿಡಲ್ಲ ತಾನೆ ಅಂತ. ನಾನು ಇಲ್ಲೇ ಇದ್ದೀನಿ ಅಂತ ಹೇಳ್ತಾ ಹೇಳ್ತಾನೇ ಇಳಿಸ್ತೀನಿ. ಆಟ ಅಂತಾನೇ ಇರಲಿ ಭಾವ, ಜನಾನ ಮೇಲೆ ಬಿಟ್ಟು ಅಂಕ ಎಣಿಸೋಕೆ ಕೂರೋದು ನನಗೆ ಆಗಲ್ಲ."

ಇಷ್ಟು ವರ್ಷ ತೆಗೆಯಿರಿ ಎಂದು ಹೇಳುತ್ತಲೇ ಇದ್ದೆ, ಯಾಕೆ ಇಟ್ಟಿದ್ದೀರಿ ಎಂದು ಕೇಳಿದವಳಲ್ಲ. ಕೇಳಿದವನು ಅಣ್ಣ. ನನಗೆ ನಾಚಿಕೆಯೂ ಆಯಿತು, ಗಂಡನ ಮೇಲೆ ಅಭಿಮಾನವೂ ಉಕ್ಕಿತು.

"ಹಾಗಾದ್ರೆ ಆ ಇನ್ನೊಬ್ರು ಹೇಗೆ?" ಎಂದು ಇವರು ನನ್ನನ್ನು ಕೇಳಿದರು.

"ನನಗೆ ಗೊತ್ತಿಲ್ಲ. ಗೊತ್ತಿರೋದೆಲ್ಲ ಅಣ್ಣ ಬೈದದ್ದು. ಅದನ್ನ ಹಿಡ್ಕೊಂಡು ಹೇಳಿದ್ರೆ ನ್ಯಾಯ ಅಲ್ಲ."

"ಜೊತೇಲಿ ಕೆಲಸ ಮಾಡಿದವರು ನೀವೇ ಅಲ್ವಾ ಭಾವ," ಅಂದರು ಇವರು, ಅಣ್ಣನ ಕಡೆ ತಿರುಗಿ. "ನೀವೇ ಹೇಳಿ, ಅವರಿಗೆ ಕೊಡಬಹುದಾ?"

ಭೂಮಿ ಬಾಯಿ ಬಿಡಬಾರದೇ ಅನಿಸಿತು ನನಗೆ. ಕೇಳಬಾರದವರನ್ನು ಕೇಳಬಾರದ್ದು ಕೇಳುವುದರಲ್ಲಿ ನಮ್ಮ ಮನೆಯವರನ್ನು ಮೀರಿಸಿದವರಿಲ್ಲ. ಅದೂ ಇಷ್ಟು ತಣ್ಣಗೆ, ಇಷ್ಟು ನಂಬಿಕೆಯಿಂದ.

ಅಣ್ಣ ಎದ್ದು ಹೋಗಿ ನೀರು ಕುಡಿದ. ಲೋಟ ತೊಳೆದಿಟ್ಟ. ನಮ್ಮ ಮನೆಯಲ್ಲಿ ಅವನು ಲೋಟ ತೊಳೆದದ್ದು ಅದೇ ಮೊದಲು. ಕಿಟಕಿಯ ಹತ್ತಿರ ನಮಗೆ ಬೆನ್ನು ಮಾಡಿ ನಿಂತ.

"ಅವನು ನಿಧಾನ," ಅಂದ. "ಜಿಪುಣ. ಅವನ ಪೆಟ್ಟಿಗೆ ಬಣ್ಣ ನೋಡಿದ್ರೆ ಮನೇಲಿ ಯಾರೋ ಹೋದ ಹಾಗಿರುತ್ತೆ. ಅಂಗಡಿಯವರ ಹತ್ರ ಎರಡು ಮಾತು ಆಡೋಕೆ ಬರಲ್ಲ. ನನ್ನ ಹತ್ರ ಸಾವಿರ ಮನೆಗೆ ಹೋಗೋ ಆಟ ಅವನ ಹತ್ರ ನೂರು ಮನೆಗೆ ಹೋದ್ರೆ ದೊಡ್ಡದು."

ಇವರು ತಲೆಯಾಡಿಸಿದರು. ಇಷ್ಟೇ ಇರಬಹುದು ಎಂದು ನಾನೂ ಅಂದುಕೊಂಡೆ. ಅಣ್ಣ ಕಿಟಕಿಯ ಸರಳು ಹಿಡಿದುಕೊಂಡ.

"ಆದ್ರೆ ಕೊಟ್ಟಿದ್ದನ್ನ ಮುಟ್ಟಲ್ಲ. ಒಂದು ಪದ ಬದಲಾಯಿಸಬೇಕಾದ್ರೂ ಮಾಡಿದವರ ಮನೆಗೆ ಹೋಗಿ ಕೂತು ಕೇಳಿಕೊಂಡು ಬರ್ತಾನೆ. ನಮಗೆ ಜಗಳ ಆಗಿದ್ದೇ ಅದಕ್ಕೆ. ಒಂದ್ಸಲ ಕೊಟ್ಟವರು ಅವನಿಗೆ ಮತ್ತೆ ಮತ್ತೆ ಕೊಡ್ತಾರೆ ಭಾವ. ನನಗೆ ಯಾರೂ ಎರಡನೇ ಸಲ ಕೊಟ್ಟಿಲ್ಲ, ಇವಳು ಹೇಳದೇ ಇದ್ರೂ ನನಗೆ ಗೊತ್ತು." ನಮ್ಮ ಕಡೆ ತಿರುಗಿ, "ಅವನಿಗೇ ಕೊಡಿ," ಅಂದ.

ಇವರು ಎದ್ದು ಹೋಗಿ ಅಣ್ಣನ ಕೈ ಹಿಡಿದುಕೊಂಡರು. ಆಮೇಲೆ ಕಾಯಿಗಳನ್ನು ಒಂದೊಂದಾಗಿ ಎತ್ತಿ ಪೆಟ್ಟಿಗೆಗೆ ಹಾಕತೊಡಗಿದರು.

ಅಣ್ಣ ಹೊರಡುತ್ತೇನೆ ಎಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಶೂ ಹಾಕಿಕೊಳ್ಳಲು ಬಗ್ಗಿದ. ಲೇಸು ಕಟ್ಟಿಯಾದ ಮೇಲೂ ಬಗ್ಗಿಯೇ ಇದ್ದ. ನಾನು ಹೋಗಿ ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಆ ಬೀರು ಸಿಕ್ಕಿಕೊಳ್ಳುತ್ತಲ್ಲ ಪುಟ್ಟಿ," ಅಂದ, ತಲೆ ಎತ್ತದೆ. "ಅಂಥದ್ದೊಂದು ನನ್ನ ಹತ್ರ ಇಷ್ಟು ವರ್ಷದಲ್ಲಿ ಬಂದೇ ಇಲ್ಲ ಕಣೇ."

"ಗೊತ್ತು," ಅಂದೆ.

"ತುಂಬಾ ಆಸೆ ಇತ್ತು."

ಅವನ ಬೆನ್ನ ಮೇಲೆ ಕೈ ಇಟ್ಟೆ. ಅವನು ಅಳುತ್ತಿರಲಿಲ್ಲ, ಅಳುತ್ತಿದ್ದವಳು ನಾನು. ನಮ್ಮಣ್ಣನ ಮೇಲೆ ಅಷ್ಟು ಪ್ರೀತಿ ನನಗೆ ಚಿಕ್ಕವರಿದ್ದಾಗಲೂ ಬಂದಿರಲಿಲ್ಲ.